ಸನ್ನೆ ಮೇಡಂ ಬರೆದ ಷರಾ

ಸನ್ನೆ ಮೇಡಂ ಮೇಲೆ ನನಗೆ ಬಂದಷ್ಟು ಕೋಪ ಜೀವನದಲ್ಲಿ ಇನ್ಯಾರ ಮೇಲೂ ಬಂದಿಲ್ಲ. ಕೋಪವೇನೂ ನನಗೆ ಅಪರೂಪದ ನೆಂಟನಲ್ಲ. ಮೂಗಿನ ತುದಿಯಲ್ಲೇ ಅದಕ್ಕೊಂದು ಕುರ್ಚಿ ಹಾಕಿಟ್ಟಿದ್ದೇನೆ ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಕಾಲೇಜಿನಲ್ಲಿ ನನ್ನ ಹೆಸರು ಕಿಡಿ ಮೇಷ್ಟ್ರು. ನಾನು ವೆಲ್ಡಿಂಗ್ ಕಲಿಸುವುದು ಅದಕ್ಕೆ ಅರ್ಧ ಕಾರಣ, ಇನ್ನರ್ಧ ನೀವೇ ಊಹಿಸಿಕೊಳ್ಳಿ. ಆದರೂ ಆ ಗುರುವಾರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಬಂದ ಕೋಪವೇ ಬೇರೆ. ಅದನ್ನು ಹೇಳಬೇಕಾದರೆ ಮೊದಲು ಮೇಡಂ ಯಾರು ಎಂದು ಹೇಳಬೇಕು.

ನಮ್ಮದು ಸಂಜೆ ಕಾಲೇಜು. ಬೋರ್ಡಿನ ಮೇಲೆ ಸಮುದಾಯ ಕಾಲೇಜು ಎಂದು ದೊಡ್ಡದಾಗಿ ಬರೆದಿದ್ದಾರೆ, ಹಾಗೆ ಕರೆಯುವವರು ಯಾರೂ ಇಲ್ಲ. ಓದು ಅರ್ಧಕ್ಕೆ ಬಿಟ್ಟವರು, ಕೈಗೊಂದು ಕಸುಬು ಬೇಕೆನ್ನುವವರು, ಮಕ್ಕಳನ್ನು ದಡ ಸೇರಿಸಿ ಈಗ ನಾನೂ ಒಂದಿಷ್ಟು ಕಲಿಯುತ್ತೇನೆ ಎಂದು ಹೊರಟವರು ಕೆಲಸ ಮುಗಿಸಿಕೊಂಡು ಇಲ್ಲಿಗೆ ಬರುತ್ತಾರೆ. ಎರಡನೇ ಮಹಡಿಯ ಕೊನೆಯಲ್ಲಿ, ಚಿಲಕ ಬೀಳದ ಕಿಟಕಿಯಿರುವ ಹದಿನಾಲ್ಕನೇ ನಂಬರಿನ ಕೋಣೆಯಲ್ಲಿ, ಮೇಡಂ ಸನ್ನೆ ಭಾಷೆ ಕಲಿಸುತ್ತಿದ್ದರು. ಕಿವಿ ಕೇಳಿಸದವರು ಕೈಯಲ್ಲಿ ಆಡುವ ಭಾಷೆ ಅದು. ಐವತ್ತೆಂಟು ವರ್ಷ, ನನ್ನ ಭುಜದವರೆಗೆ ಬರುವ ಎತ್ತರ. ಕೈಗಳು ಚೆನ್ನಾಗಿ ಕಾಣಲಿ ಎಂದು ಯಾವಾಗಲೂ ಹೂವು ಚಿತ್ತಾರವಿಲ್ಲದ ಕಡುನೀಲಿ ಬಟ್ಟೆ. ಒಳಗೆ ಕಾಲಿಟ್ಟ ಮೇಲೆ ಅಲ್ಲಿ ಯಾರೂ ಬಾಯಿ ಬಿಡುವ ಹಾಗಿಲ್ಲ, ಕೆಮ್ಮುವುದಕ್ಕೆ ಮಾತ್ರ ಅಪ್ಪಣೆ.

ಇಷ್ಟು ಸದ್ದಿಲ್ಲದ ಹೆಂಗಸು ನಮ್ಮ ಅಧ್ಯಾಪಕರ ಸಂಘದ ಕಾರ್ಯದರ್ಶಿ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅವರೇ. ಮೆಟ್ಟಿಲ ಕೆಳಗಿನ, ಮುರಿದ ಕುರ್ಚಿಗಳನ್ನು ತುಂಬುವ ಕೋಣೆಯೇ ಸಂಘದ ಕಚೇರಿ. ಸಭೆಯಲ್ಲಿ ನಾವೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಸುಮ್ಮನೆ ಬರೆದುಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ, "ಆಯ್ತಾ? ಈಗ ಅರ್ಜಿಯಲ್ಲಿ ಏನು ಬರೆಯೋಣ ಹೇಳಿ" ಎನ್ನುತ್ತಿದ್ದರು. ಅಲ್ಲಿಗೆ ನಮ್ಮ ಅಬ್ಬರವೆಲ್ಲ ಠುಸ್.

ಕಾಲೇಜಿನಲ್ಲೊಂದು ನಿಯಮವಿದೆ. ಪಾಠ ಶುರುವಾದ ಮೂರನೇ ವಾರದ ಗುರುವಾರ ಎಣಿಕೆ ದಿನ. ಆ ದಿನ ಹದಿನೈದು ಜನ ಇಲ್ಲದ ಕ್ಲಾಸನ್ನು ಮುಚ್ಚುತ್ತಾರೆ. ಮೊದಲೆಲ್ಲ ಕಚೇರಿಯ ಗುಮಾಸ್ತರು ಕಿಟಕಿಯಲ್ಲಿ ಇಣುಕಿ ತಲೆ ಎಣಿಸಿಕೊಂಡು ಹೋಗುತ್ತಿದ್ದರು. ಒಮ್ಮೆ ಹೊಲಿಗೆ ಕ್ಲಾಸಿನಲ್ಲಿ ಒಬ್ಬಾಕೆ ಬಿದ್ದ ಸೂಜಿ ಹುಡುಕಲು ಮೇಜಿನ ಕೆಳಗೆ ಬಗ್ಗಿದ್ದಳು, ಅವಳ ತಲೆ ಲೆಕ್ಕಕ್ಕೆ ಸಿಗಲಿಲ್ಲ, ಕ್ಲಾಸೇ ಹೋಯಿತು. ಆಗ ಮೇಡಂ ಎರಡು ವರ್ಷ ಹೋರಾಡಿ ನಿಯಮ ಬದಲಾಯಿಸಿದರು. ಇನ್ನು ಮೇಲೆ ಇಣುಕಿ ಎಣಿಸುವ ಹಾಗಿಲ್ಲ, ಮೇಷ್ಟ್ರ ಹಾಜರಿ ಪುಸ್ತಕವೇ ಪ್ರಮಾಣ. ನಾವೆಲ್ಲ ಅವತ್ತು ಟೀ ಕುಡಿದು ಸಂಭ್ರಮಿಸಿದ್ದೆವು.

ಈ ವರ್ಷ ಹೊಸ ನಿರ್ದೇಶಕರು ಬಂದರು. ಬಂದ ಮೊದಲ ಅವಧಿಯಲ್ಲೇ ಆರು ಕ್ಲಾಸಿಗೆ ಬೀಗ ಬಿತ್ತು. ಅಲ್ಲಿದ್ದವರನ್ನು ಉಳಿದ ಕ್ಲಾಸುಗಳಿಗೆ ತುಂಬಿದರು. ನನ್ನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಲು ಇರುವುದು ಹನ್ನೆರಡು ಕಟ್ಟೆ, ಬಂದವರು ಮೂವತ್ತನಾಲ್ಕು ಜನ. ಒಬ್ಬೊಬ್ಬರ ಹಿಂದೆ ಇಬ್ಬರು ಕಾಯುತ್ತ ನಿಲ್ಲುವುದು. ಕಿಡಿ ಹಾರುವ ಜಾಗದಲ್ಲಿ ಇದೆಂಥ ಮಾತು! ಇನ್ನೊಬ್ಬ ವೆಲ್ಡಿಂಗ್ ಮೇಷ್ಟ್ರಿದ್ದರು, ಅವರನ್ನು ಮನೆಗೆ ಕಳಿಸಿಬಿಟ್ಟಿದ್ದರು. ನಾನು ಸಂಜೆ ಮನೆಗೆ ಹೋಗುವಾಗ ಗಂಟಲಲ್ಲಿ ದನಿಯೇ ಇರುತ್ತಿರಲಿಲ್ಲ. ಈಗೀಗ ಮನೆಯಲ್ಲಿ ತುಂಬ ಶಾಂತಿ ಎಂದು ಹೆಂಡತಿ ನಗುತ್ತಿದ್ದಳು.

ಈ ಸಲ ಮೇಡಂ ಕ್ಲಾಸಿನಲ್ಲೇ ಹದಿಮೂರು ಜನ. ಸಂಘದ ಸಭೆಯಲ್ಲಿ ನಾನು ಮೇಜು ಕುಟ್ಟಿ ಹೇಳಿದೆ. "ಬಿಡುವಿರೋ ಮೇಷ್ಟ್ರುಗಳೇ ಸೇರ್ಕೊಳ್ಳೋಣ. ಯಾರು ಬೇಡ ಅಂತಾರೆ? ನಾವೂ ಊರಿನವರೇ ತಾನೆ?"

ಮೇಡಂ ಪೆನ್ನು ಕೆಳಗಿಟ್ಟರು. "ಬರೀ ಹೆಸರು ಬರೆಸೋಕಾದ್ರೆ ಬೇಡ ಮೇಷ್ಟ್ರೇ. ಬಂದು ಕೂತು ಕಲಿಯೋದಾದ್ರೆ ಬನ್ನಿ."

"ಕಲೀತೀವಿ ಬಿಡಿ ಮೇಡಂ. ನಾವೇನು ದಡ್ಡರಾ?"

"ಮನೆಗೆಲಸ ಕೊಡ್ತೀನಿ."

"ಕೊಡಿ!"

ಹಾಗೆ ನಾನೂ ಲೈಬ್ರರಿ ನೋಡಿಕೊಳ್ಳುವ ಅಕ್ಕನೂ ಸೇರಿದೆವು. ಹದಿಮೂರು ಮತ್ತು ಎರಡು, ಹದಿನೈದು. ಮೊದಲ ದಿನ ಮೇಡಂ ನನಗೊಂದು ಸನ್ನೆಯ ಹೆಸರಿಟ್ಟರು. ಹಣೆಯ ಹತ್ತಿರ ಮುಷ್ಟಿ ಹಿಡಿದು ಫಕ್ಕನೆ ಬಿಡಿಸುವುದು, ಕಿಡಿ. ಇಡೀ ಕ್ಲಾಸು ನನ್ನ ಹೆಸರನ್ನು ಅಭ್ಯಾಸ ಮಾಡುತ್ತ ನನ್ನ ಕಡೆಗೇ ಮುಷ್ಟಿ ಬಿಡಿಸಿದಾಗ ನಾನು ನಾಚಿ ನೆಲ ನೋಡಿದೆ.

ನನ್ನ ಪಕ್ಕದ ಕುರ್ಚಿ ಡ್ರೈವರಣ್ಣನದು. ಸಿಟಿ ಬಸ್ಸು ಓಡಿಸುವವನು, ಮೂವತ್ತರ ಆಸುಪಾಸು, ನನಗಿಂತ ಚಿಕ್ಕವನೇ. ಆದರೆ ಬಸ್ಸಿನಲ್ಲಿ ಎಲ್ಲರೂ ಕರೆದು ಕರೆದು ಅಣ್ಣ ಅಂಟಿಕೊಂಡುಬಿಟ್ಟಿತ್ತು. ಅವನಿಗೆ ನಾಲ್ಕು ವರ್ಷದ ಮಗಳು. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಹೆಂಡತಿಗೆ ಗಾರ್ಮೆಂಟ್ಸಿನಲ್ಲಿ ಎರಡನೇ ಪಾಳಿ, ಅವಳು ಬರುವ ಹಾಗಿಲ್ಲ. ಇವನು ಇಲ್ಲಿ ಕಲಿತು ಹೋಗಿ ಅವಳಿಗೂ ಹೇಳಿಕೊಡಬೇಕು.

ಒಂದು ದಿನ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಅವನೇ ಹೇಳಿದ. "ಸಾರ್, ನಾನು ಮನೆಯಿಂದ ಹೊರಟ್ರೆ ಸಾಕು, ಪುಟ್ಟಿ ಕಾಲು ಹಿಡ್ಕೊಂಡು ಅಳ್ತಾಳೆ. ದಿನಾ. ನಮ್ಮಮ್ಮ ಎಳೆದು ಎತ್ಕೋಬೇಕು. ಬೇರೆ ಮಕ್ಕಳಿಗಾದ್ರೆ 'ಅಪ್ಪ ಸಂಜೆ ಬರ್ತಾರೆ ಕಣೇ' ಅನ್ಬಹುದು. ಇವಳಿಗೆ ಯಾರು ಹೇಳಿದ್ದಾರೆ? ನಾನು ಪ್ರತಿ ದಿನ ಬಿಟ್ಟು ಹೋಗ್ತಿದೀನಿ ಅಂತಾನೇ ತಿಳ್ಕೊಂಡಿದಾಳೆ ಸಾರ್."

ನಾನು ಲೋಟದೊಳಗೇ ನೋಡುತ್ತ ಕೂತೆ. ನಾವು ಮನೆ ಬಿಡುವಾಗ ಹೋಗುತ್ತೇನೆ ಎನ್ನುವುದಿಲ್ಲ, ಬರ್ತೀನಿ ಎನ್ನುತ್ತೇವೆ. ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ, ಅದರ ಬೆಲೆ ನನಗೆ ಗೊತ್ತೇ ಇರಲಿಲ್ಲ.

"ನೀರು, ಊಟ, ನಿದ್ದೆ, ಇಷ್ಟು ಬಂತು," ಎಂದ ಅವನು. "ಹೋಗೋದು, ಬರೋದು, ನಾಳೆ, ಸಂಜೆ, ಇವೆಲ್ಲ ಐದನೇ ವಾರದಲ್ಲಂತೆ. ಮೇಡಂ ಹತ್ರ ಈಗಲೇ ಹೇಳ್ಕೊಡಿ ಅಂತ ಕೇಳ್ದೆ. ಒಂದು ಸನ್ನೆ ಕಲಿಸಿದ್ರೆ ಮಗು ಅರ್ಥ ಮಾಡ್ಕೊಳ್ಳಲ್ಲ, ಮೊದಲು ನೀವಿಬ್ಬರೂ ದಿನಾ ಮಾತಾಡೋ ಅಭ್ಯಾಸ ಆಗ್ಲಿ ಅಂದ್ರು. ಕಾಯ್ತೀನಿ. ಇನ್ನೇನು, ಎರಡು ವಾರ."

ಆ ಎರಡು ವಾರದ ಮಧ್ಯೆ ಎಣಿಕೆ ದಿನ ಇತ್ತು.

ಆ ಗುರುವಾರ ಐದೂ ಮುಕ್ಕಾಲಿಗೆ ನಾನು ವರ್ಕ್‌ಶಾಪ್ ಮುಗಿಸಿದೆ. ಮೂವತ್ತನಾಲ್ಕು ಜನ ಗ್ಲೌಸು ಕಳಚಿ, ಹೆಲ್ಮೆಟ್ಟು ನೇತುಹಾಕಿ, ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೆ ಹೋಗುವಷ್ಟರಲ್ಲಿ ಐದು ಐವತ್ತೈದು. ಬಾಗಿಲು ಹಾಕಬೇಕು, ಮೂಗಿಗೆ ಗ್ಯಾಸ್ ವಾಸನೆ ಬಡಿಯಿತು. ಯಾವನೋ ಪುಣ್ಯಾತ್ಮ ವಾಲ್ವ್ ಸರಿಯಾಗಿ ತಿರುಗಿಸಿಲ್ಲ. ಎಲ್ಲಿ ಎಂದು ಹುಡುಕಬೇಕಲ್ಲ! ಹನ್ನೆರಡು ಕಟ್ಟೆಗೂ ಬಗ್ಗಿ ಬಗ್ಗಿ ನೋಡಿದೆ. ಒಂಬತ್ತನೆಯದರಲ್ಲಿ ಸಿಕ್ಕಿತು. ತಿರುಗಿಸಿ, ಕಿಟಕಿಗಳನ್ನೆಲ್ಲ ತೆಗೆದಿಟ್ಟು, ಅಂಗಳ ದಾಟಿ, ಎರಡು ಮಹಡಿ ಹತ್ತಿ ಓಡಿದೆ. ಓಡುವ ವಯಸ್ಸೇ ಇದು? ಎದೆ ಒಡೆದುಹೋಗುತ್ತೇನೋ ಅನ್ನಿಸಿತು.

ಆರರ ಗಂಟೆ ಹೊಡೆದ ಕೂಡಲೇ ಮೇಡಂ ಹಾಜರಿ ಕರೆಯುತ್ತಾರೆ. ಒಬ್ಬೊಬ್ಬರ ಸನ್ನೆಯ ಹೆಸರು ತೋರಿಸುತ್ತಾರೆ, ನಾವು ಎದೆ ಮುಟ್ಟಿ 'ಇದ್ದೇನೆ' ಎಂದು ತೋರಿಸಬೇಕು. ಹದಿನೈದೂ ಮುಗಿದ ಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾರೆ. ಮುಚ್ಚಳ ಬಿತ್ತೆಂದರೆ ಮುಗಿಯಿತು, ಆಮೇಲೆ ಬಂದವರು ಪಾಠ ಕೇಳಬಹುದು, ಹಾಜರಿ ಇಲ್ಲ. ನಾನು ಬಾಗಿಲಿಗೆ ಬಂದಾಗ ಮುಚ್ಚಳ ಬಿದ್ದಿತ್ತು. ಪಕ್ಕದಲ್ಲಿ ಗುಮಾಸ್ತರು ಪುಸ್ತಕಕ್ಕಾಗಿ ಕೈ ಚಾಚಿಕೊಂಡು ನಿಂತಿದ್ದರು.

ಮೇಡಂ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಕೈಯಲ್ಲಿ ಕೇಳಿದರು: ಯಾಕೆ?

"ಗ್ಯಾಸ್ ಲೀಕ್ ಆಗ್ತಿತ್ತು ಮೇಡಂ! ಮೂವತ್ತನಾಲ್ಕು ಜನ, ಹನ್ನೆರಡು ವಾಲ್ವು, ನಾನೊಬ್ನೇ ಸಾಯ್ಬೇಕು! ಬಂದಿದೀನಿ ನೋಡಿ, ಇಲ್ಲೇ ನಿಂತಿದೀನಿ!" ಬಾಯಿ ಬಿಡಬಾರದ ಕೋಣೆಯಲ್ಲಿ ನಾನು ಕಿರುಚಿದೆ.

ಅವರು ಮುಚ್ಚಳ ತೆಗೆದರು. ಅಬ್ಬಾ, ಬದುಕಿದೆ ಎಂದುಕೊಂಡೆ. ಅವರು ಬಗ್ಗಿ ಕೊನೆಯ ಷರಾ ಕಾಲಮ್ಮಿನಲ್ಲಿ ಏನೋ ಒಂದು ಸಾಲು ಬರೆದು, ಪುಸ್ತಕವನ್ನು ಗುಮಾಸ್ತರಿಗೆ ಕೊಟ್ಟರು. ಹಾಜರಿಯ ಜಾಗದಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿಯ ಗೆರೆ ಹಾಗೇ ಇತ್ತು. ಗುಮಾಸ್ತರು ಎಣಿಸಿದರು. ಹದಿನಾಲ್ಕು. ಪಾಪ, ಅವರೂ ಇನ್ನೊಂದು ಸಲ ಎಣಿಸಿ, ಬರೆದುಕೊಂಡು, ಪುಸ್ತಕ ವಾಪಸ್ ಕೊಟ್ಟರು.

ಏನಾಯಿತೆಂದು ಡ್ರೈವರಣ್ಣನಿಗೆ ತಿಳಿದಿರಲಿಲ್ಲ. ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದ. "ಸಾರ್, ಮುಂದಿನ ವಾರ ಕ್ಲಾಸ್ ಇದೆ ಅಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಪಾಠ ಮುಗಿಯುವವರೆಗೂ ಹಲ್ಲು ಕಚ್ಚಿ ಕೂತಿದ್ದು, ಎಲ್ಲರೂ ಹೋದ ಮೇಲೆ ಮೇಡಂ ಎದುರು ನಿಂತೆ. "ಒಂದು ಗೆರೆ ಮೇಡಂ! ಆ ಗೆರೆಗೆ ಅಡ್ಡವಾಗಿ ಇನ್ನೊಂದು ಎಳೆದಿದ್ರೆ ಹಾಜರಿ ಆಗ್ತಿತ್ತು, ನಿಮ್ಮ ಗಂಟೇನು ಹೋಗ್ತಿತ್ತು? ಆ ಮಗು ಮುಖ ನೆನಪಾಗ್ಲಿಲ್ವಾ ನಿಮಗೆ? ಸತ್ಯವಂತರಂತೆ ಸತ್ಯವಂತರು! ಇಟ್ಕೊಳ್ಳಿ ನಿಮ್ಮ ಪುಸ್ತಕಾನ, ಪೂಜೆ ಮಾಡಿ!"

ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವರು ಕಿಟಕಿಯ ಚಿಲಕ ಹಾಕಲು ಹೋಗಿ, ಅದು ಬೀಳದೆ, ಹಾಗೇ ಕೈಯಿಟ್ಟುಕೊಂಡು ನಿಂತರು.

"ನಮ್ಮಮ್ಮನಿಗೆ ಕಿವಿ ಕೇಳಿಸ್ತಿರಲಿಲ್ಲ ಮೇಷ್ಟ್ರೇ," ಎಂದರು. "ಎಂಟು ವರ್ಷ ಸ್ಕೂಲಿಗೆ ಹೋದಳು. ಒಂದು ದಿನ ತಪ್ಪಿಸಿಲ್ಲ. ಪುಸ್ತಕದಲ್ಲಿ ಪ್ರತಿ ದಿನ ಹಾಜರಿ ಹಾಕಿದ್ದಾರೆ. ಆ ಎಂಟು ವರ್ಷದಲ್ಲಿ ಒಬ್ಬ ಮೇಷ್ಟ್ರೂ ಅವಳ ಹತ್ರ ಒಂದು ಮಾತಾಡಿಲ್ಲ. ಮೂಲೆಯಲ್ಲಿ ಕೂರಿಸಿ ಹಾಜರಿ ಹಾಕೋರು. ಹಾಜರಿ ಪ್ರಕಾರ ನಮ್ಮಮ್ಮ ಎಂಟನೇ ಕ್ಲಾಸ್ ಓದಿದಾಳೆ. ಅವಳಿಗೆ ಅವಳ ಹೆಸರು ಬರೆಯೋಕೆ ನಾನು ಕಲಿಸಿದ್ದು, ನನಗೆ ಹತ್ತು ವರ್ಷ ಆದಾಗ." ಮೇಜಿನ ಹತ್ತಿರ ಬಂದು ಹಾಜರಿ ಪುಸ್ತಕವನ್ನು ಚೀಲಕ್ಕೆ ಹಾಕುತ್ತ ಹೇಳಿದರು, "ಈ ಪುಸ್ತಕದಲ್ಲಿ ನನ್ನ ಕೈಯಿಂದ ಸುಳ್ಳು ಬರೆಯೋಕಾಗಲ್ಲ. ಬೈಕೊಳ್ಳಿ. ಡ್ರೈವರಣ್ಣನ ಮುಖ ನನಗೆ ನೆನಪಿಲ್ಲ ಅಂತ ಮಾತ್ರ ಅನ್ಬೇಡಿ."

ನಾನು ತಿರುಗಿ ಹೊರಟೆ. ಕೋಪ ಮಾತ್ರ ಇಳಿದಿರಲಿಲ್ಲ, ಮನೆಗೆ ಹೋಗಿ ಚಪ್ಪಲಿ ಎಸೆದು ಬೈಸಿಕೊಂಡೆ.

ಮುಂದಿನ ಸೋಮವಾರ ಸಂಘಕ್ಕೂ ನಿರ್ದೇಶಕರಿಗೂ ಮಾತುಕತೆ. ತುಂಬಿ ತುಳುಕುವ ಕ್ಲಾಸುಗಳಲ್ಲಿ ನಮಗೆ ಆಗುತ್ತಿರುವ ಕಷ್ಟವನ್ನೆಲ್ಲ ಮೇಡಂ ಬರೆಸಿ ತಂದಿದ್ದರು. ಯಾರು ಎಷ್ಟು ಹೊತ್ತು, ಎಷ್ಟು ಜನರಿಗೆ, ಮನೆಗೆ ಹೊತ್ತುಕೊಂಡು ಹೋಗುವ ಕೆಲಸ ಎಷ್ಟು. ನಿರ್ದೇಶಕರು ಅದನ್ನು ತೆರೆಯಲೇ ಇಲ್ಲ, ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

"ಇದೆಲ್ಲ ನೀವೇ ಬರ್ಕೊಂಡಿದ್ದು. ಹೇಗೆ ನಂಬ್ಲಿ? ಕ್ಲಾಸ್ ಉಳಿಸೋಕೆ ನೀವು ನೀವೇ ವಿದ್ಯಾರ್ಥಿಗಳಾಗಿ ಸೇರ್ಕೊಂಡಿದೀರಿ ಅಂತ ಗೊತ್ತು ನನಗೆ. ನಿಮ್ಮ ಹಾಜರಿ ಪುಸ್ತಕಗಳ ಕಥೆಯೂ ಅಷ್ಟೇ ಇರಬೇಕು."

ನಾನು ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟೆ. ಮೇಡಂ ನನ್ನ ಕಡೆ ನೋಡದೆಯೇ ಮೇಜಿನ ಅಂಚಿನಲ್ಲಿ ಅಂಗೈ ಕೆಳಗೆ ಮಾಡಿದರು: ಕೂತ್ಕೊಳ್ಳಿ. ಕೂತೆ. ಅವರು ಚೀಲದಿಂದ ಹಾಜರಿ ಪುಸ್ತಕ ತೆಗೆದು, ಆ ಗುರುವಾರದ ಪುಟ ಬಿಡಿಸಿ, ನಿರ್ದೇಶಕರ ಮುಂದಿಟ್ಟರು.

ನಿರ್ದೇಶಕರು ಕನ್ನಡಕ ಹಾಕಿಕೊಂಡು ಓದಿದರು. ನನ್ನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು. "ಇವರು ನಿಮ್ಮ ಸಂಘದವರೇ ಅಲ್ವಾ?"

"ಹೌದು. ನಾಲ್ಕು ನಿಮಿಷ ತಡವಾಗಿ ಬಂದ್ರು."

"ಇವರಿಗೆ ಹಾಜರಿ ಹಾಕದಿದ್ರೆ ಕ್ಲಾಸ್ ಹೋಗುತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

ನಿರ್ದೇಶಕರ ಬೆರಳು ಸಾಲಿನಲ್ಲೇ ಮುಂದೆ ಹೋಗಿ ಷರಾ ಕಾಲಮ್ಮಿನಲ್ಲಿ ನಿಂತಿತು. ಗಟ್ಟಿಯಾಗಿ ಓದಿದರು. "ಮೂವತ್ತನಾಲ್ಕು ಜನರ ಬ್ಯಾಚಿಗೆ ಒಬ್ಬರೇ ಮೇಷ್ಟ್ರು. ತೆರೆದಿದ್ದ ಗ್ಯಾಸ್ ವಾಲ್ವ್ ಹುಡುಕಿ ಮುಚ್ಚಿ ಬರುವಾಗ ತಡವಾಯಿತು."

ಅವತ್ತು ನಾನು ಕಿರುಚಿದ್ದನ್ನು ಅವರು ಬರೆದಿಟ್ಟಿದ್ದರು. ಬೈಗುಳ ಬಿಟ್ಟು ಸಾರ ಮಾತ್ರ. ನನಗೆ ಕಣ್ಣು ತುಂಬಿ ಬಂತು, ಗೋಡೆಯ ಕ್ಯಾಲೆಂಡರು ನೋಡಿದೆ.

"ವಾಲ್ವ್ ತೆರೆದೇ ಇತ್ತಾ?" ನಿರ್ದೇಶಕರು ನನ್ನನ್ನು ಕೇಳಿದರು. ಈಗ ಅವರ ದನಿ ಬೇರೆ ಇತ್ತು.

"ಒಂಬತ್ತನೇ ಕಟ್ಟೆದು ಸಾರ್. ಆ ಗಲಾಟೆಯಲ್ಲಿ ನಾನು ಕೂಗೋದು ಯಾರಿಗೂ ಕೇಳಿಸಲ್ಲ. ನನ್ನ ಪುಣ್ಯ, ಅವತ್ತು ಮೂಗು ಕೆಲಸ ಮಾಡ್ತು."

ಅವರು ಪಕ್ಕಕ್ಕೆ ಸರಿಸಿದ್ದ ನಮ್ಮ ಕಾಗದಗಳನ್ನು ಹತ್ತಿರ ಎಳೆದುಕೊಂಡು ಮೊದಲ ಪುಟದಿಂದ ಓದಲು ಶುರು ಮಾಡಿದರು. ಮಾತುಕತೆ ಎರಡು ಗಂಟೆ ನಡೆಯಿತು. ವರ್ಕ್‌ಶಾಪಿನ ಒಂದು ಬ್ಯಾಚಿಗೆ ಇಪ್ಪತ್ತು ಜನರಿಗಿಂತ ಹೆಚ್ಚಿಲ್ಲ ಎಂದಾಯಿತು. ಮಿಕ್ಕವರಿಗಾಗಿ, ಮನೆಗೆ ಕಳಿಸಿದ್ದ ಆ ಇನ್ನೊಬ್ಬ ಮೇಷ್ಟ್ರನ್ನು ವಾಪಸ್ ಕರೆಸುವುದಾಯಿತು. ವಾರಕ್ಕೊಂದು ಸಂಜೆ ಸುರಕ್ಷತೆಯ ಪಾಠವೂ ಇರಲಿ ಎಂದು ಅವರೇ ಹೇಳಿದರು. ಮೇಡಂ ಕ್ಲಾಸಿನ ವಿಷಯಕ್ಕೆ ಬಂದಾಗ ಮಾತ್ರ ತಲೆ ಅಲ್ಲಾಡಿಸಿದರು. ಮುಚ್ಚಿದ ಕ್ಲಾಸನ್ನು ಈ ಅವಧಿಯಲ್ಲಿ ತೆರೆಯುವ ಅಧಿಕಾರ ತಮಗಿಲ್ಲ, ನಿಯಮ ಮೇಲಿನವರದು.

ಎಲ್ಲರೂ ಕಾಗದ ಜೋಡಿಸಿಕೊಳ್ಳುತ್ತಿದ್ದಾಗ ನನ್ನ ತಲೆಯಲ್ಲಿ ಒಂದು ಕಿಡಿ ಹಾರಿತು. ನನ್ನ ತಲೆಗೆ ಇದು ಅಪರೂಪ. "ಸಾರ್, ಆ ಸದ್ದಿನಲ್ಲಿ ಕೂಗಿದ್ರೆ ಕೇಳಿಸಲ್ಲ ಅಂದ್ನಲ್ಲ. ಕೈಯಲ್ಲಿ ಹೇಳಿದ್ರೆ ಹನ್ನೆರಡು ಕಟ್ಟೆಗೂ ಕಾಣುತ್ತೆ. ಸುರಕ್ಷತೆ ಪಾಠದಲ್ಲಿ ಮೊದಲು ಕಲಿಸಬೇಕಾದ್ದೇ ಸನ್ನೆ. ಅದಕ್ಕೆ ಮೇಡಂ ಬರಲಿ."

ನಾನು ಅಲ್ಲಿಗೇ ನಿಲ್ಲಿಸಿ ಮಿಕ್ಕಿದ್ದನ್ನು ಗುಟ್ಟಾಗಿ ಮಾಡೋಣ ಎಂದಿದ್ದೆ. ಮೇಡಂ ಬಿಡಬೇಕಲ್ಲ! "ಸಾರ್, ನನ್ನ ಹದಿಮೂರು ಜನರನ್ನೂ ಆ ಪಾಠಕ್ಕೆ ಸೇರಿಸಬಹುದಾ? ಅವರು ವೆಲ್ಡಿಂಗ್ ಓದ್ತಿಲ್ಲ. ಸನ್ನೆಗೋಸ್ಕರವೇ ಬರ್ತಾರೆ. ಮುಂಚೆನೇ ಹೇಳ್ತಿದೀನಿ."

ಅಯ್ಯೋ, ಕೆಡಿಸಿದರಲ್ಲ ಎಂದು ತಲೆ ಮೇಲೆ ಕೈ ಹೊತ್ತೆ. ನಿರ್ದೇಶಕರು ಹಾಜರಿ ಪುಸ್ತಕವನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು.

"ವರ್ಕ್‌ಶಾಪ್ ಪಾಠಕ್ಕೆ ಸೇರೋರು ಸ್ವಲ್ಪ ವೆಲ್ಡಿಂಗ್ ಮಾಡ್ಲೇಬೇಕಾಗುತ್ತೆ ಮೇಡಂ. ಅಷ್ಟು ಮಾಡ್ತಾರೆ ಅಂತ ನೀವು ಬರೆದ್ರೆ ನನಗೆ ಸಾಕು. ನಿಮ್ಮ ಪುಸ್ತಕ ನಂಬ್ತೀನಿ."

ಅವರು ಬರೆದರು. ಮೇಡಂ ಬರೆದ ಮೇಲೆ ಮುಗಿಯಿತಲ್ಲ, ಮಾಡಲೇಬೇಕು. ಮೊಮ್ಮಗನಿಗಾಗಿ ಸನ್ನೆ ಕಲಿಯಲು ಬರುತ್ತಿದ್ದ ಎಪ್ಪತ್ತು ವರ್ಷದ ಅಜ್ಜಿ ಹೆಲ್ಮೆಟ್ಟು ಹಾಕಿಕೊಂಡು ಎರಡು ಕಬ್ಬಿಣದ ಪಟ್ಟಿ ಅಂಟಿಸಿದರು. ಅದನ್ನು ಮನೆಗೆ ಒಯ್ದು ಟಿವಿಯ ಮೇಲೆ ಇಟ್ಟಿದ್ದಾರಂತೆ. ಲೈಬ್ರರಿ ಅಕ್ಕನ ಬೆಸುಗೆ ನನ್ನ ಹಳೆಯ ವಿದ್ಯಾರ್ಥಿಗಳದಕ್ಕಿಂತ ನೆಟ್ಟಗಿತ್ತು. ಮೇಡಂ ಮಾತ್ರ ಕಿಡಿ ಹಾರಿದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದರು, ನಾನು ಬೈಯುತ್ತಿದ್ದೆ, ಅವರು ವಿಧೇಯ ವಿದ್ಯಾರ್ಥಿನಿಯ ಹಾಗೆ ತಲೆ ತಗ್ಗಿಸಿ ಮತ್ತೆ ಮಾಡುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಾನು ಅವರನ್ನು ಅಷ್ಟು ನಗಿಸಿರಲಿಲ್ಲ.

ಆದರೆ ವರ್ಕ್‌ಶಾಪಿನ ಹಾಜರಿ ಪುಸ್ತಕ ನನ್ನ ಹೆಸರಿನಲ್ಲಿತ್ತು. ಪೆನ್ನು ನನ್ನ ಕೈಯಲ್ಲಿ. ಮೇಡಂ ಅವರ ಹಾಗೆಯೇ ಗಂಟೆ ಹೊಡೆದ ಕೂಡಲೇ ಸನ್ನೆಯಲ್ಲಿ ಹೆಸರು ಕರೆದು, ಕೊನೆಗೆ ಮುಚ್ಚಳ ಹಾಕುವುದನ್ನು ನಾನೂ ರೂಢಿ ಮಾಡಿಕೊಂಡೆ.

ಐದನೇ ವಾರ ಆ ಪಾಠ ಬಂತು. ತೋರುಬೆರಳು ಎದೆಯಿಂದ ಹೊರಟು ದೂರ ಹೋಗಿ, ಬಳಸಿಕೊಂಡು ಮತ್ತೆ ಎದೆಗೇ ಬಂದು ಮುಟ್ಟಬೇಕು: ಹೋಗಿ ಬರ್ತೀನಿ. ಡ್ರೈವರಣ್ಣ ಅವತ್ತು ವೆಲ್ಡಿಂಗ್ ಮಾಡಲಿಲ್ಲ. ಕಿಟಕಿಯ ಹತ್ತಿರ ನಿಂತು ಅದೊಂದನ್ನೇ ನೂರು ಸಲ ಮಾಡಿದ. ಮುಂದಿನ ವಾರ ಬಂದು, "ಇಲ್ಲ ಸಾರ್, ನೋಡ್ತಾಳೆ ಅಷ್ಟೇ. ಅಳು ನಿಂತಿಲ್ಲ" ಎಂದ. ಅದರ ಮುಂದಿನ ವಾರವೂ ಇಲ್ಲ. ಮೇಡಂ, "ಹೇಳಿದ ಹಾಗೆ ಪ್ರತಿ ದಿನ ವಾಪಸ್ ಬನ್ನಿ. ಬಂದು, ಬಂದೆ ಅಂತ ಅದೇ ಬೆರಳಲ್ಲಿ ತೋರಿಸಿ. ಅವಳೂ ನಿಮ್ಮ ಹಾಜರಿ ಹಾಕ್ತಿದಾಳೆ" ಎಂದರು.

ಎಂಟನೇ ವಾರ ಗಂಟೆ ಹೊಡೆಯಿತು. ನಾನು ಹೆಸರು ಕರೆದೆ. ಸ್ಟಿಯರಿಂಗ್ ತಿರುಗಿಸುವ ಸನ್ನೆ ಮಾಡಿ ಕಾದೆ. ಅವನ ಕುರ್ಚಿ ಖಾಲಿ. ಒಂದು ದಿನವೂ ತಪ್ಪಿಸದ ಮನುಷ್ಯ. ಮೇಡಂ ಬಾಗಿಲ ಕಡೆಯೇ ನೋಡುತ್ತಿದ್ದರು. ನಾನು ಆದಷ್ಟು ನಿಧಾನ ಮಾಡಿ, ಅವನ ಜಾಗವೊಂದನ್ನು ಖಾಲಿ ಬಿಟ್ಟು, ಕೊನೆಗೆ ಮುಚ್ಚಳ ಹಾಕಿದೆ. ಏಳು ನಿಮಿಷವಾದ ಮೇಲೆ ಅವನು ಓಡಿ ಬಂದ. ಅಂಗಿಯೆಲ್ಲ ಬೆವರು.

ನಾನು ಕೈಯಲ್ಲಿ ಕೇಳಿದೆ: ಯಾಕೆ?

ಅವನು ಬಾಯಿ ತೆರೆದು, ಮುಚ್ಚಿ, ಕೈಗಳನ್ನು ಎತ್ತಿದ. ಹೊರಟೆ, ಎಂದ. ಮಗಳಿಗೆ ಹೇಳಿದೆ, ಹೋಗಿ ಬರ್ತೀನಿ. ಆಮೇಲೆ ಅವನು ಮಂಡಿಯೂರಿ ಮಗುವಿನ ಎತ್ತರಕ್ಕೆ ಇಳಿದು, ಅವಳ ಹಾಗೆ ಪುಟ್ಟ ಬೆರಳು ಮಾಡಿ ತೋರಿಸಿದ. ಅಪ್ಪನ ಎದೆಯಿಂದ ದೂರ, ಮತ್ತೆ ವಾಪಸ್, ಹುಬ್ಬು ಮೇಲಕ್ಕೆ: ಬರ್ತೀಯಾ? ಬರ್ತೀನಿ ಅಂದೆ. ಮತ್ತೆ ಕೇಳಿದಳು. ಬರ್ತೀನಿ ಅಂದೆ. ಏಳು ಸಲ ಕೇಳಿದಳು, ಏಳು ಸಲ ಹೇಳಿದೆ. ನಾನು ಹತ್ತಬೇಕಿದ್ದ ಬಸ್ಸು ಹೋಯಿತು. ಅವಳು ಅಳಲಿಲ್ಲ. ಆಮೇಲೆ ಅವಳೇ ಬಾಗಿಲು ಹಾಕಿಕೊಂಡಳು.

ಹೆಲ್ಮೆಟ್ಟು ತೊಟ್ಟ ಅಜ್ಜಿ ಹೆಲ್ಮೆಟ್ಟಿನೊಳಗೇ ಬಿಕ್ಕುವುದು ಕೇಳಿಸಿತು. ನಾನು ಪುಸ್ತಕ ನೋಡಿದೆ, ಮೇಡಂ ಕಡೆ ನೋಡಿದೆ. ಅವರ ಕೆನ್ನೆಯ ಮೇಲೆ ಧಾರಾಕಾರ ನೀರು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ಹಾಗೆಯೇ ಬಲಗೈ ಎತ್ತಿ ಗೋಡೆಯ ಗಡಿಯಾರ ತೋರಿಸಿದರು.

ಸರಿ ಎಂದು ನಾನು ಮುಚ್ಚಳ ತೆಗೆದೆ. ಡ್ರೈವರಣ್ಣನ ಹೆಸರಿನ ಮುಂದೆ ಗೈರುಹಾಜರಿಯ ಗೆರೆ ಎಳೆದೆ. ಷರಾ ಕಾಲಮ್ಮಿನಲ್ಲಿ ಬರೆದೆ: ಮಗಳ ಜೊತೆ ಮಾತಾಡುತ್ತಿದ್ದರು.